ಒಡ್ಡಿಗೆ ಚೆಲ್ಲುವ ನೀರು

ಈ ಬೇಸಿಗೆ ರಜೆಗೆ ನೀವಿಬ್ಬರೂ ಗದಗಿಗೆ, ನಿಮ್ಮ ಮಾಮಾನ ಮನೆಗೆ ಹೋಗಿದ್ದಿರಿ. ತಿರುಗಿ ಬಂದ ಮೇಲೆ ಒಂದು ರವಿವಾರ ಸುಳ್ಳ ಊರಿನ ನಮ್ಮ ಹೊಲಕ್ಕೆ ಕರೆದುಕೊಂಡು ಹೋದೆವು. ಪಾಲಿಹೌಸಿನ ಕೊನೆಯ ಎರಡು ಮೇಜು ಮುಕ್ಕಾಲು ಖಾಲಿ ಇದ್ದುದನ್ನು ನೋಡಿ, ಇಲ್ಲಿಯ ಸಸಿ ಏನಾದವು ಆಯಿ ಎಂದು ಕೇಳಿದಿರಿ. ಬಿಸಿಲಿಗೆ ಸುಟ್ಟು ಹೋದವು ಎಂದೆ. ಅದು ನಿಜವಲ್ಲ. ನಿಮ್ಮ ಅವ್ವ ಅಲ್ಲೇ ಇದ್ದಳು, ನನ್ನ ಮುಖ ನೋಡಿದಳು. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಕುಳಿತರೆ ಏಳಬೇಕೆನಿಸುತ್ತದೆ, ಎದ್ದರೆ ಯಾಕೆ ಎದ್ದೆ ಎಂಬುದು ಮರೆತಿರುತ್ತದೆ. ಎದುರು ಕೂರಿಸಿಕೊಂಡು ಹೇಳುವ ಅಭ್ಯಾಸ ನನಗಿಲ್ಲ. ನಿಮ್ಮ ಅಜ್ಜ ಇದ್ದಷ್ಟು ದಿನ ನಮ್ಮಿಬ್ಬರ ಮಾತನ್ನೂ ಅವರೇ ಆಡಿ ಮುಗಿಸುತ್ತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಅವ್ವನಿಗೆ ತಿಳಿಯದ್ದು ಇದರಲ್ಲಿ ಏನೂ ಇಲ್ಲ.

ಅಜ್ಜ ಹೋದ ಮೇಲೆ, ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದ ಆ ಹೊಲವನ್ನು ನಿಮ್ಮ ಅವ್ವ ಬಿಡಿಸಿಕೊಂಡಳು. ಅದರ ಒಂದು ಮೂಲೆಯಲ್ಲಿ ಪಾಲಿಹೌಸು ಕಟ್ಟಿಸಿ ಸಸಿ ಮಾಡಿ ಕೊಡುವ ಕೆಲಸ ಹಿಡಿದಳು. ನಿಮ್ಮ ಅಪ್ಪ ಧಾರವಾಡದ ಕಚೇರಿಗೆ ಹೊರಟರೆ, ಇವಳು ಸ್ಕೂಟಿಯ ಹಿಂದೆ ನನ್ನನ್ನು ಕೂರಿಸಿಕೊಂಡು ಬೈರಿದೇವರಕೊಪ್ಪದಿಂದ ಸುಳ್ಳಕ್ಕೆ ಹೊರಡುತ್ತಿದ್ದಳು. ಮನೆಯಲ್ಲಿ ಒಬ್ಬಳೇ ಕುಳಿತರೆ ನಾನು ಊಟ ಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು. ಅಲ್ಲಿ ನನಗೆ ದೊಡ್ಡ ಕೆಲಸವೇನಿಲ್ಲ. ಕಪ್ಪು ತಟ್ಟೆಗಳಲ್ಲಿ ಬೆರಳು ಹೋಗುವಷ್ಟು ಸಣ್ಣ ಗುಂಡಿಗಳಿರುತ್ತವೆ. ಅವುಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ಗುಂಡಿಗೊಂದು ಮೆಣಸಿನ ಬೀಜ ಹಾಕಿರುತ್ತಾರೆ. ಎಲ್ಲಾದರೂ ಎರಡು ಎದ್ದಿದ್ದರೆ ಒಂದನ್ನು ಕಿತ್ತು, ಹುಟ್ಟದ ಗುಂಡಿಗೆ ನೆಡುವುದು ನನ್ನ ಕೆಲಸ. ಸುತ್ತಲಿನ ಊರಿನವರು ಸಸಿ ಬೇಕೆಂದು ಮೊದಲೇ ಹೇಳಿಟ್ಟಿರುತ್ತಾರೆ, ಮಳೆ ಹಿಡಿದ ಕೂಡಲೇ ಬಂದು ಒಯ್ಯುತ್ತಾರೆ. ಆದ್ದರಿಂದ ಸಸಿ ಬೆಳೆಯಬೇಕಾದದ್ದು ಏಪ್ರಿಲ್, ಮೇ ತಿಂಗಳಲ್ಲಿ, ಕಪ್ಪು ಮಣ್ಣಿನ ಎರಿ ಹೊಲ ಅಂಗೈ ಅಗಲ ಬಾಯಿ ಬಿಟ್ಟ ಹೊತ್ತಿನಲ್ಲಿ.

ಆ ಬಿಸಿಲಿನಲ್ಲಿ ಪ್ಲಾಸ್ಟಿಕ್ಕಿನ ಮನೆ ಎಂದರೆ ಮುಚ್ಚಿದ ಬೋಗುಣಿಯೇ. ತಂಪು ಮಾಡದಿದ್ದರೆ ಸಸಿ ಬೇಯುತ್ತವೆ. ಹೇಗೆ ತಂಪು ಮಾಡುತ್ತಾರೆಂದು ನೀವು ನೋಡಿದ್ದೀರಿ, ಆದರೆ ಆಟದಲ್ಲಿದ್ದಾಗ ನೋಡಿದ್ದೀರಿ. ಪಡುವಣ ಗೋಡೆಯಲ್ಲಿ ಜೇನುಹುಟ್ಟಿನಂತೆ ತೂತು ತೂತಾದ ಕಂದು ರಟ್ಟಿನ ಹಲಗೆಗಳಿವೆ. ಮೇಲಿನ ಕೊಳವೆಯಿಂದ ಅವುಗಳ ಮೇಲೆ ನೀರು ಇಳಿಯುತ್ತಲೇ ಇರುತ್ತದೆ. ಮೂಡಣ ಗೋಡೆಯಲ್ಲಿ ದೊಡ್ಡ ಫ್ಯಾನುಗಳು ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತವೆ. ಹೊರಗಿನ ಬಿಸಿಗಾಳಿ ಒದ್ದೆ ರಟ್ಟಿನೊಳಗೆ ತೂರಿ ತಂಪಾಗಿ ಒಳಗೆ ಬರುತ್ತದೆ. ರಟ್ಟಿನಿಂದ ಸೋರಿದ ನೀರು ಕೆಳಗಿನ ಕಾಲುವೆಯಲ್ಲಿ ಹರಿದು ತೊಟ್ಟಿ ಸೇರುತ್ತದೆ, ಪಂಪು ಅದನ್ನೇ ಮತ್ತೆ ಮೇಲಕ್ಕೆ ಕಳಿಸುತ್ತದೆ. ಒಂದು ಕೊಡ ನೀರು ಎಷ್ಟು ಸಲ ಸುತ್ತುತ್ತದೋ! ಆ ತೊಟ್ಟಿಯನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತಿತ್ತು. ನಮ್ಮ ತವರಿನಲ್ಲಿ ಅಕ್ಕಿ ತೊಳೆದ ನೀರು ಎಮ್ಮೆಗೆ, ಮೈ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಬರಿದೇ ಹೋಗುವ ನೀರು ಇರಲಿಲ್ಲ.

ಆದರೆ ದಿನ ಬಿಟ್ಟು ದಿನ ಸಂಜೆ ಆ ತೊಟ್ಟಿಯ ಅಡಿಯ ನೀರನ್ನು ಹೊರಗೆ ಬಿಡಬೇಕಿತ್ತು. ಅದನ್ನು ನಿಮ್ಮ ಅವ್ವ ಕಡ್ಡಾಯ ಮಾಡಿದ್ದಳು. ಕೆಲಸಕ್ಕೆ ಬರುವ ಆಕೆ ಹೋಗುವ ಮುಂಚೆ ತೊಟ್ಟಿಯ ನಲ್ಲಿಯ ಚಾವಿ ತಿರುಗಿಸುತ್ತಿದ್ದಳು, ನೀರು ಕೊಳವೆಯಲ್ಲಿ ಹೋಗಿ ಹೊಲದ ಅಂಚಿನ ಒಡ್ಡಿನ ಆಚೆ ಬೀಳುತ್ತಿತ್ತು. ಆಕೆಯನ್ನು ನೀವು ಬಲ್ಲಿರಿ. ಸುಳ್ಳದವಳೇ, ನನಗಿಂತ ಹತ್ತು ವರ್ಷ ಸಣ್ಣವಳು, ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ತಟ್ಟೆ ತುಂಬುವುದು, ನೀರು ಹಾಕುವುದು, ಗೊಬ್ಬರದ ಪುಡಿಯನ್ನು ಅಳೆದು ನೀರಿಗೆ ಕಲೆಸುವುದು ಎಲ್ಲ ಆಕೆಯದೇ. ಫ್ಯಾನಿನ ಗದ್ದಲದಲ್ಲೂ ಆಕೆಯ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಮುಂದಿನ ಜನ್ಮಕ್ಕ ಮೆಣಸಿನ ಸಸಿ ಆಗಿ ಹುಟ್ಟಬೇಕ್ರಿ ಅಕ್ಕಾರ. ಹೊತ್ತಿಗೆ ಸರಿ ಊಟ, ಹಗಲೆಲ್ಲಾ ತಂಪನ ಗಾಳಿ. ನಮ್ಮನಿ ಗಂಡಸು ನನಗ ಒಂದ ದಿನಾ ಬೀಸಣಿಕಿ ಬೀಸಿಲ್ಲ" ಎನ್ನುತ್ತಿದ್ದಳು.

ಆ ನೀರು ಹೊರಗೆ ಬೀಳುವ ಸಪ್ಪಳ ಕೇಳಿದರೆ ಎಷ್ಟು ಕೊಡ ಹೋಯಿತೆಂದು ಎಣಿಸುತ್ತಿದ್ದೆ. ಯಾಕೆ ಚೆಲ್ಲುತ್ತೀರಿ ಎಂದು ಒಮ್ಮೆ ಕೇಳಿದೆ. ನಿಮ್ಮ ಅವ್ವ ಫೋನಿನಲ್ಲಿದ್ದಳು. ಅದು ಹಳೆ ನೀರು, ರಟ್ಟು ಕೆಡುತ್ತದೆ ಎಂದಷ್ಟೇ ಹೇಳಿ ಮತ್ತೆ ಫೋನಿಗೆ ತಿರುಗಿದಳು. ರಟ್ಟು ಕೆಡಬಹುದು, ಸಸಿಗೇನು ಆದೀತು ಎಂದುಕೊಂಡೆ. ಇನ್ನೊಮ್ಮೆ ಕೇಳಿದ್ದರೆ ಎಲ್ಲವನ್ನೂ ಹೇಳುತ್ತಿದ್ದಳು. ಒಂದು ಪ್ರಶ್ನೆಯನ್ನು ಎರಡು ಸಲ ಕೇಳುವ ಧೈರ್ಯ ನನಗೆ ಯಾವ ಕಾಲಕ್ಕೂ ಇರಲಿಲ್ಲ.

ಫ್ಯಾನಿನ ಕಡೆಯ ಕೊನೆಯ ಎರಡು ಮೇಜು ಯಾವಾಗಲೂ ಬಿಸಿ. ತಂಪು ಗಾಳಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಬೆಚ್ಚಗಾಗಿರುತ್ತದೆ. ಅಲ್ಲಿಯ ಸಸಿ ಸಂಜೆಗೆ ತಲೆ ಬಾಗಿಸುತ್ತಿದ್ದವು. ಬೋರಿನಲ್ಲಿ ನೀರು ತಡೆದು ತಡೆದು ಬರುತ್ತಿದ್ದರಿಂದ ನಿಮ್ಮ ಅವ್ವ ಎಲ್ಲವನ್ನೂ ಅಳೆದೇ ಹಾಕಿಸುತ್ತಿದ್ದಳು. ಆ ಸಸಿಗಳನ್ನು ನೋಡುತ್ತಾ ಕುಳಿತುಕೊಳ್ಳಲಾಗಲಿಲ್ಲ. ಒಂದು ಸಂಜೆ ಕೆಲಸದಾಕೆ ಚಾವಿ ತಿರುಗಿಸಿ ಊರ ಕಡೆ ಹೊರಟ ಮೇಲೆ, ನಿಮ್ಮ ಅವ್ವ ಫೋನಿಗೆ ಸಿಗ್ನಲ್ ಸಿಗುವ ರಸ್ತೆಯ ಬದಿಗೆ ಹೋದಾಗ, ಕೊಳವೆಯ ಬಾಯಿಗೆ ಎರಡು ಬಕೀಟು ಇಟ್ಟೆ. ತುಂಬಿದ ನೀರನ್ನು ತೂತುಬಾಯಿಯ ಝಾರಿಯಲ್ಲಿ ಆ ಎರಡು ಮೇಜಿಗೆ ಹಾಕಿದೆ. ಸಸಿ ಅರ್ಧ ತಾಸಿನಲ್ಲಿ ಎದ್ದು ನಿಂತವು. ಆ ದಿನ ರೊಟ್ಟಿ ಎರಡು ಹೆಚ್ಚು ತಿಂದೆ. ಇಂಥ ಐದು ಸಂಜೆಗಳಾದವು.

ಇಲ್ಲಿ ಒಂದು ವಿಷಯ ಬರೆಯಬೇಕು, ಯಾಕೆಂದರೆ ತಪ್ಪು ಅಲ್ಲೇ ಆಗಿದ್ದು. ನನ್ನ ತವರೂರಿನಲ್ಲಿ ಮೂರು ಬಾವಿಗಳಿದ್ದವು, ಒಂದು ಸಿಹಿ, ಎರಡು ಸವಳು. ಸಣ್ಣವಳಿದ್ದಾಗ ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಒಂದು ಹನಿ ಇಟ್ಟರೆ ಯಾವ ಬಾವಿಯದೆಂದು ಹೇಳುತ್ತಿದ್ದೆ. ಬೋರು ಹೊಡೆಸಿದಾಗಲೂ ನಿಮ್ಮ ಅಜ್ಜ ಮೊದಲ ಚೊಂಬು ನನ್ನ ಕೈಗೇ ಕೊಟ್ಟಿದ್ದರು. ಸ್ವಲ್ಪ ಸವಳು, ಕುಡಿಯಲು ಅಡ್ಡಿಯಿಲ್ಲ ಎಂದಿದ್ದೆ. ಅಂಥವಳು ಈ ತೊಟ್ಟಿಯ ನೀರನ್ನು ಬಾಯಿಗೆ ಹಾಕಿ ನೋಡಲಿಲ್ಲ. ನವರಾತ್ರಿಯಲ್ಲಿ ದೇವರ ಮುಂದೆ ಘಟ್ಟ ಹಾಕುತ್ತೇವಲ್ಲ, ಮಣ್ಣಿನಲ್ಲಿ ಐದು ಧಾನ್ಯ ಬಿತ್ತಿ ಒಂಬತ್ತು ದಿನ ಮೊಳಕೆ ಬರಿಸುವುದು, ಅದಕ್ಕೆ ಹಾಕುವ ನೀರನ್ನು ಯಾರೂ ಬಾಯಿಗೆ ತಾಗಿಸುವುದಿಲ್ಲ. ತಾಗಿಸಿದರೆ ಅದು ಎಂಜಲು. ಮೊಳಕೆಗೆ ಎಂಜಲು ನೀರು ಹಾಕಬಾರದೆಂದು ನಮ್ಮ ಅವ್ವ ಕೈಮೇಲೆ ಹೊಡೆದು ಕಲಿಸಿದ್ದಳು. ಐವತ್ತು ವರ್ಷ ಹಾಗೆಯೇ ಮಾಡಿದ ಕೈ. ತಟ್ಟೆಯ ಸಸಿಯೂ ನನಗೆ ಮೊಳಕೆಯೇ. ಬಕೀಟನ್ನು ಬೂದಿ ಹಚ್ಚಿ ತೊಳೆದೆ, ಕಾಲು ತೊಳೆದುಕೊಂಡು ಒಳಗೆ ಹೋದೆ, ನೀರನ್ನು ಮಾತ್ರ ನೋಡಲಿಲ್ಲ.

ಮೊದಲ ಸಲ ನೀರು ಹಾಕಿದ ಹನ್ನೊಂದನೆಯ ದಿನ ಬೆಳಿಗ್ಗೆ ಆ ಎರಡು ಮೇಜಿನ ಸಸಿಗಳ ಎಲೆಯಂಚು ಸುಟ್ಟಿತ್ತು. ಬಿಸಿ ಹಂಚಿಗೆ ತಾಗಿಸಿದಂತೆ ಸುತ್ತಲೂ ಕಂದು, ನಡುವೆ ಹಳದಿ. ನಿಮ್ಮ ಅವ್ವ ಒಂದು ಗುಂಡಿಯ ಸಸಿಯನ್ನು ಎಬ್ಬಿಸಿ ಬೇರು ನೋಡಿದಳು. ಬಿಳಿಯ ಬೇರು ಕಂದಾಗಿತ್ತು. ಅವಳ ಮುಖ ನೋಡಲಾಗಲಿಲ್ಲ. ಆ ಸಸಿಗಳು ಯಾರ್ಯಾರಿಗೆ ಹೋಗಬೇಕೆಂದು ಗೋಡೆಗೆ ಚೀಟಿ ಅಂಟಿಸಿದ್ದಳು. ಆ ಜನ ತಮ್ಮ ಹೊಲಗಳನ್ನು ಹರಗಿ ಇಟ್ಟುಕೊಂಡು ಕಾಯುತ್ತಿದ್ದರು. ಗೊಬ್ಬರ ಹೆಚ್ಚಾದರೆ ಹೀಗೆ ಸುಡುತ್ತದೆ ಎಂದು ಅವಳಿಗೆ ಗೊತ್ತಿತ್ತು, ಗೊಬ್ಬರ ಕಲೆಸುವವಳು ಒಬ್ಬಳೇ. ಕರೆದು ಕೇಳಿದಳು.

"ನಾ ಅಳತಿ ಬಿಟ್ಟು ಒಂದ ಚಿಟಿಕಿ ಹಾಕಿಲ್ರಿ ಬಾಯಾರ. ಗ್ಲಾಸಿನ ಗೆರಿಗೆ ಹಚ್ಚಿ ಅಳದೇನಿ."

"ಹಂಗಾರ ಯಾಕ ಸುಟ್ಟುವು? ಬೀಜ ಒಂದ, ನೀರ ಒಂದ, ಪುಡಿ ಒಂದ. ಕೈ ಅಷ್ಟ ಬ್ಯಾರೆ."

ನಿಮ್ಮ ಅವ್ವ ಮುಂದೆ ಬಂದು ಆಕೆಯ ಕೈಯಲ್ಲಿದ್ದ ಅಳತೆಯ ಗ್ಲಾಸು ತೆಗೆದುಕೊಂಡಳು. ಬೈಯಲಿಲ್ಲ, ನಾಳೆಯಿಂದ ಬರಬೇಡ ಎನ್ನಲಿಲ್ಲ, ಗ್ಲಾಸು ಮಾತ್ರ ತೆಗೆದುಕೊಂಡಳು. ಹೊಲದ ತಿಪ್ಪೆಯ ಗೊಬ್ಬರ ಒಯ್ಯಲು ಬಂದಿದ್ದ ಊರಿನ ಇಬ್ಬರು ಹೆಣ್ಣುಮಕ್ಕಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಕೆ ಸೆರಗಿಗೆ ಕೈ ಒರೆಸಿಕೊಂಡಳು, ಗೂಟಕ್ಕೆ ಸಿಗಿಸಿದ್ದ ಬುತ್ತಿಯ ಚೀಲ ತೆಗೆದುಕೊಂಡಳು, ಹೋದಳು. ನಾನು ಕೊನೆಯ ಮೇಜಿನ ಹತ್ತಿರ ನಿಂತಿದ್ದೆ.

ಆಗ ನನಗೆ ಗೊತ್ತಿರಲಿಲ್ಲ. ಇದನ್ನು ನಂಬಿ. ಐದು ಸಲ ನೀರು ಹಾಕಿದ್ದು ನೆನಪಿತ್ತು, ಆದರೆ ನೀರು ಸುಡುತ್ತದೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಆದರೂ ಮನೆಗೆ ಬಂದು ಅಕ್ಕಿ ಆರಿಸಲು ಕುಳಿತವಳು ಎರಡು ಸಲ ಎದ್ದು ಬಾಗಿಲ ತನಕ ಹೋಗಿ ಬಂದೆ.

ಮರುದಿನ ಸಂಜೆ ತೊಟ್ಟಿಯ ನೀರು ಬಿಡುವ ಕೆಲಸ ನನಗೆ ಬಂತು. ಚಾವಿ ತಿರುಗಿಸಿ ಒಡ್ಡಿನ ಹತ್ತಿರ ಹೋಗಿ ನಿಂತೆ. ಇವತ್ತು ಇದು ಸಸಿಗೆ ಹೋಗುವ ನೀರಲ್ಲ, ಎಂಜಲಾದರೂ ಅಡ್ಡಿಯಿಲ್ಲ. ಬೊಗಸೆ ಒಡ್ಡಿ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ನಾಲಿಗೆ ಮುದುಡಿತು. ನಮ್ಮೂರಿನ ಆ ಎರಡು ಬಾವಿಯ ನೀರನ್ನು ಕುದಿಸಿ ಕುದಿಸಿ ತಳಕ್ಕೆ ಇಳಿಸಿದರೆ ಹೇಗಿರುತ್ತದೋ ಹಾಗಿತ್ತು. ಉಗಿದೆ. ಒದ್ದೆ ಕೈ ಗಾಳಿಗೆ ಒಣಗಿದಾಗ ಬೆರಳ ಸಂದಿಯಲ್ಲಿ ಬೆಳ್ಳಗೆ ಪುಡಿ ನಿಂತಿತ್ತು. ಒಡ್ಡಿನ ಆಚೆ ನೋಡಿದರೆ ಆ ನೀರು ಬಿದ್ದ ಕಡೆ ಹುಲ್ಲು ಕೂಡ ಇರಲಿಲ್ಲ. ಅಷ್ಟು ದಿನ ಅದನ್ನೂ ನೋಡಿರಲಿಲ್ಲ.

ಅಲ್ಲಿಂದ ಹತ್ತು ಹೆಜ್ಜೆ ನಡೆದರೆ ನಿಮ್ಮ ಅವ್ವ. ಹೋಗಿ ಹೇಳಬೇಕಿತ್ತು. ಅವಳು ಫೋನಿನಲ್ಲಿ ಯಾರಿಗೋ ಸಸಿ ಕಡಿಮೆ ಬೀಳುತ್ತವೆ ಎಂದು ಹೇಳುತ್ತಿದ್ದಳು, ದನಿ ಸಣ್ಣಗಾಗಿತ್ತು. ಫೋನು ಇಡಲಿ ಎಂದು ಕಾದೆ. ಇಟ್ಟ ಮೇಲೆ ಸ್ಕೂಟಿ ಚಾಲೂ ಮಾಡಿದಳು. ಮನೆಗೆ ಹೋಗಿ ಹೇಳೋಣ ಎಂದುಕೊಂಡೆ. ಮನೆಯಲ್ಲಿ ನಿಮ್ಮ ಅಪ್ಪ ಇದ್ದ. ಬೆಳಿಗ್ಗೆ ಹೇಳೋಣ ಎಂದುಕೊಂಡೆ. ಬೆಳಿಗ್ಗೆ ಹೊಲದಲ್ಲಿ ಫ್ಯಾನು ತಿರುಗುತ್ತಿತ್ತು, ಆ ಗದ್ದಲದಲ್ಲಿ ಕೂಗಿ ಹೇಳುವ ಮಾತಲ್ಲ ಇದು ಎಂದುಕೊಂಡೆ. ಹೀಗೆ ಒಂದೊಂದಕ್ಕೂ ಒಂದೊಂದು ನೆವ.

ನಾಲ್ಕನೆಯ ದಿನ ಧಾರವಾಡದಿಂದ ಒಬ್ಬರು ಬಂದರು, ತೋಟಗಾರಿಕೆ ಕಲಿತವರು, ನಿಮ್ಮ ಅಪ್ಪನಿಗೆ ಪರಿಚಯದವರು. ಪೆನ್ನಿನಂಥ ಒಂದು ಸಾಧನ ತಂದಿದ್ದರು, ಅದನ್ನು ನೀರಿನಲ್ಲಿ ಅದ್ದಿದರೆ ಅಂಕಿ ತೋರಿಸುತ್ತದೆ. ಬೋರಿನ ನೀರಿಗೆ ಒಂದು ಅಂಕಿ. ತೊಟ್ಟಿಯ ನೀರಿಗೆ ಅದ್ದಿದಾಗ ಅಂಕಿ ಓಡುತ್ತಾ ಹೋಗಿ ಎಲ್ಲೋ ನಿಂತಿತು. ಅವರು ಸಾವಕಾಶವಾಗಿ ಮಾತಾಡುವವರು. "ನೋಡ್ರಿ ತಂಗಿ, ಗಾಳಿ ತಂಪಾಗೂದ ನೀರು ಹಾರಿ ಹೋಗೂದ್ರಿಂದ. ನೀರು ಹಾರ್ತದ, ಉಪ್ಪು ಹಾರಂಗಿಲ್ಲ. ಸುತ್ತು ಹೆಚ್ಚಾದಂಗ ಉಪ್ಪು ಇಲ್ಲೇ ಕೂಡ್ತದ" ಎಂದರು. ಆಮೇಲೆ ಸುಟ್ಟ ತಟ್ಟೆಯನ್ನು ಹಿಂಡಿ ಆ ನೀರಿಗೂ ಪೆನ್ನು ಹಿಡಿದು, ಈ ತೊಟ್ಟಿಯ ನೀರನ್ನು ಸಸಿಗೆ ಯಾರಾದರೂ ಹಾಕಿದ್ದಾರೆಯೇ ಎಂದು ಕೇಳಿದರು.

ಇಲ್ರಿ, ಅದನ್ನು ಒಡ್ಡಿಗೆ ಬಿಡುತ್ತೇವೆ ಎಂದಳು ನಿಮ್ಮ ಅವ್ವ.

ನಾನು ಅವರಿಗೆ ಚಹಾ ಕೊಡಲು ಬಂದವಳು ರಟ್ಟಿನ ಗೋಡೆಯ ಪಕ್ಕದಲ್ಲಿ ನಿಂತಿದ್ದೆ. ಗಂಡಸರು ಮಾತಾಡುವಾಗ ಬಾಗಿಲ ಹಿಂದೆ ನಿಲ್ಲುವುದು ನನಗೆ ಎಷ್ಟು ರೂಢಿಯೆಂದರೆ, ಆ ದಿನವೂ ಬಟ್ಟಲು ಇಟ್ಟು ಹಿಂದೆ ಸರಿದೆ. ಆ ಕ್ಷಣದಲ್ಲಿ ಹೇಳಿದ್ದರೆ ಸುಲಭವಾಗುತ್ತಿತ್ತು. ಕೇಳಿದ ಪ್ರಶ್ನೆಗೆ ಹೌದು ಎಂದರೆ ಸಾಕಿತ್ತು. ಅವರು ಹೊರಡುವಾಗ, ಹಾಗಾದರೆ ಗೊಬ್ಬರದ ಕೈಯೇ ಇರಬೇಕು ಎಂದು ಹೇಳಿ ಹೋದರು. ನನ್ನ ಮೌನಕ್ಕೆ ಅವರ ಮುದ್ರೆಯೂ ಬಿತ್ತು.

ಸಿಹಿನೀರಿನಿಂದ ತಟ್ಟೆಗಳನ್ನು ಮತ್ತೆ ಮತ್ತೆ ತೊಳೆದರೆ ಒಂದಿಷ್ಟು ಸಸಿ ಉಳಿಯಬಹುದು ಎಂದೂ ಅವರು ಹೇಳಿದ್ದರು. ಸಿಹಿನೀರು ಎಲ್ಲಿಂದ ತರುವುದು? ಬೈರಿದೇವರಕೊಪ್ಪದ ಮನೆಗೆ ನಲ್ಲಿ ಬಂದ ದಿನ ಕ್ಯಾನು ತುಂಬಿ ಸ್ಕೂಟಿಯ ಕಾಲಿಡುವ ಜಾಗದಲ್ಲಿ ಇಟ್ಟುಕೊಂಡು ಒಯ್ದೆವು. ಅದು ಸಾಲಲಿಲ್ಲ. ನನಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ, ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋಗೋಣ ಎಂದು ಅವಳನ್ನು ಎಬ್ಬಿಸುತ್ತಿದ್ದೆ. ಹಾಗೆ ಹೋದ ಒಂದು ದಿನ, ಫ್ಯಾನು ಹಚ್ಚುವ ಮೊದಲು, ಮೇಲಿನಿಂದ ನನ್ನ ಕತ್ತಿಗೆ ಹನಿ ಬಿತ್ತು. ತಲೆ ಎತ್ತಿದರೆ ಪ್ಲಾಸ್ಟಿಕ್ಕಿನ ಒಳಮೈ ತುಂಬ ನೀರು. ರಾತ್ರಿ ಮುಚ್ಚಿದ ಮನೆಯೊಳಗೆ ಸಸಿಗಳ ಉಸಿರು, ತಟ್ಟೆಗಳ ಹಸಿ ಎಲ್ಲ ಮೇಲೇರಿ ತಂಪು ಹಾಳೆಗೆ ತಾಗಿ ಹನಿಯಾಗಿತ್ತು. ಒಂದನ್ನು ಬೆರಳಿಗೆ ತೆಗೆದುಕೊಂಡು ಈ ಸಲ ಮರೆಯದೆ ನಾಲಿಗೆಗೆ ಇಟ್ಟೆ. ಮಳೆನೀರಿನಷ್ಟು ಸಪ್ಪೆ. ನಿಮ್ಮ ಅವ್ವ ಒಂದು ಪ್ಲಾಸ್ಟಿಕ್ ಪೈಪನ್ನು ಉದ್ದಕ್ಕೆ ಸೀಳಿಸಿ, ಹಾಳೆ ಇಳಿಯುವ ಅಂಚಿನ ಕೆಳಗೆ ತಂತಿಯಿಂದ ಕಟ್ಟಿಸಿದಳು. ಹಾಳೆಯನ್ನು ಹೊರಗಿನಿಂದ ಕೈಯಿಂದ ಬಡಿದರೆ ಹನಿಗಳು ಜಾರಿ ಅದಕ್ಕೆ ಇಳಿಯುತ್ತಿದ್ದವು. ಬೆಳಗಿಗೆ ಎರಡು ಕೊಡ, ಒಮ್ಮೊಮ್ಮೆ ಮೂರು. ನಾನು ಪಾಲಿಹೌಸಿನ ಸುತ್ತ ತಿರುಗಿ ಬಡಿದೇ ಬಡಿದೆ. ಭುಜ ನೋಯುವ ತನಕ ಬಡಿದರೆ ಸ್ವಲ್ಪ ಹೊತ್ತು ಮನಸ್ಸು ಸುಮ್ಮನಾಗುತ್ತಿತ್ತು.

ಒಂದು ದಿನ ಅವಳು ನನ್ನ ಕೈಯಿಂದ ಕೊಡ ಇಸಿದುಕೊಂಡು, "ಅತ್ತ್ಯಾರ, ನೀವಿಲ್ದಿದ್ರ ಈ ಸಲ ನಾ ಕೈ ಚೆಲ್ಲಿ ಕುಂದರ್ತಿದ್ದೆ" ಎಂದಳು. ಅವಳು ಹೊಗಳುವವಳಲ್ಲ. ಆ ಮಧ್ಯಾಹ್ನ ನಾನು ಬುತ್ತಿ ಬಿಚ್ಚಲಿಲ್ಲ.

ಹೇಳಿದ್ದು ಅದರ ಮರುದಿನ. ಮಟಮಟ ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನುಗಳು ತಿರುಗುತ್ತಾ ತಿರುಗುತ್ತಾ ನಿಂತವು, ರಟ್ಟಿನ ಮೇಲಿನ ನೀರು ನಿಂತಿತು. ಅಂಥ ಹೊತ್ತಿನಲ್ಲಿ ಓಡಬೇಕು. ನೋಡುನೋಡುತ್ತಿದ್ದಂತೆ ಒಳಗೆ ಕಾವು ಏರುತ್ತದೆ. ಅವಳು ಪಕ್ಕದ ಪರದೆ ಸುತ್ತುವ ಹ್ಯಾಂಡಲ್ ಹಿಡಿದಳು, ನಾನು ಒದ್ದೆ ಗೋಣಿಚೀಲಗಳನ್ನು ಮೇಜಿನ ಕೆಳಗೆ ಹಾಸುತ್ತಾ ಹೋದೆ. ಎಷ್ಟೋ ದಿನಗಳ ಮೇಲೆ ಅಲ್ಲಿ ಸಪ್ಪಳವಿರಲಿಲ್ಲ. ಹ್ಯಾಂಡಲಿನ ಕಿರ್ ಕಿರ್ ಒಂದೇ. ನಾನು ಬಗ್ಗಿದಲ್ಲಿಂದಲೇ, ತಲೆ ಎತ್ತದೆ, ಹೇಳಿದೆ.

"ತೊಟ್ಟಿ ನೀರು ನಾನ ಹಾಕೇನವಾ. ಈ ಎರಡೂ ಮೇಜಿಗೆ."

ಹ್ಯಾಂಡಲ್ ನಿಲ್ಲಲಿಲ್ಲ. ಪರದೆ ಪೂರ್ತಿ ಮೇಲೇರುವ ತನಕ ತಿರುಗಿಸಿದಳು. ಆಮೇಲೆ ಎಷ್ಟು ಸಲ ಎಂದು ಕೇಳಿದಳು. ಐದು ಎಂದೆ. ಕೆಲಸದಾಕೆ ಹೋಗುವಾಗಲೇ ನನಗೆ ಗೊತ್ತಿತ್ತೇ ಎಂದು ಕೇಳಿದಳು. ಇಲ್ಲ, ಮರುದಿನ ಸಂಜೆ ಬಾಯಿಗೆ ಹಾಕಿ ನೋಡಿದಾಗ ತಿಳಿಯಿತು ಎಂದೆ.

"ಆ ಮರುದಿನದಿಂದ ಇವತ್ತಿಗೆ ಎಷ್ಟ ದಿನಾ ಆತ್ರಿ?"

ಮನಸ್ಸಿನಲ್ಲೇ ಎಣಿಸಿದೆ. ಒಂಬತ್ತು.

ಅವಳು ಅಲ್ಲಿದ್ದ ಮಗ್ಗಿನಿಂದ ಮುಖಕ್ಕೆ ನೀರು ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. "ನನಗ ಹೇಳಿದ್ರ ಮುಗಿಯಂಗಿಲ್ಲ ಅತ್ತ್ಯಾರ" ಎಂದಳು. "ನಡೀರಿ, ನಾನೂ ಬರ್ತೇನಿ. ಗ್ಲಾಸ್ ಕಸಗೊಂಡಾಕಿ ನಾ."

ಕರೆಂಟು ಬರುವ ತನಕ ಕಾದು, ಫ್ಯಾನು ಹಚ್ಚಿ, ಊರೊಳಗೆ ಹೋದೆವು. ನಡೆದು ಹೋದರೆ ಕಾಲು ತಾಸಿನ ದಾರಿ. ಎರಡು ಸಲ ಚಪ್ಪಲಿಯ ಕಲ್ಲು ತೆಗೆಯುವ ನೆವದಲ್ಲಿ ನಿಂತೆ. ನಿಮ್ಮ ಅವ್ವನೂ ನಿಂತಳು, ಅವಸರ ಮಾಡಲಿಲ್ಲ, ಬಿಟ್ಟು ಮುಂದೆಯೂ ಹೋಗಲಿಲ್ಲ.

ಕೆಲಸದಾಕೆಯ ಮನೆಯ ಅಂಗಳದಲ್ಲಿ ಓಣಿಯ ನಾಲ್ಕೈದು ಹೆಂಗಸರು ಕೂಡಿ ಶಾವಿಗೆ ಹೊಸೆಯುತ್ತಿದ್ದರು. ಕೋಲುಗಳ ಮೇಲೆ ಶಾವಿಗೆ ಇಳಿಬಿದ್ದು ಒಣಗುತ್ತಿತ್ತು. ನಮ್ಮನ್ನು ಕಂಡು ಮಾತು ನಿಂತಿತು. ಆಕೆ ಎದ್ದು ಚಾಪೆ ಹಾಸಿದಳು, ಬೆಲ್ಲ ಇಟ್ಟಳು, ತಂಬಿಗೆಯಲ್ಲಿ ನೀರು ಕೊಟ್ಟಳು. ಬಂದವರಿಗೆ ಮಾಡಬೇಕಾದ್ದರಲ್ಲಿ ಯಾವುದನ್ನೂ ಬಿಡಲಿಲ್ಲ. ನಿಮ್ಮ ಅವ್ವ ಗ್ಲಾಸಿನ ಮಾತು ತೆಗೆದು, ನನ್ನದು ತಪ್ಪಾಯಿತು ಎಂದು ನೇರವಾಗಿ ಹೇಳಿ ಮುಗಿಸಿದಳು. ಅವಳಿಗೆ ಅದು ಬರುತ್ತದೆ. ನಾನು ಆಕೆಯನ್ನು, ಒಂದಿಷ್ಟು ಒಳಗೆ ಬಾ ಎಂದು ಕೈ ಹಿಡಿದೆ. ಆಕೆ ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ಒಳಗೂ ಬರಲಿಲ್ಲ.

"ಇಲ್ಲೇ ಹೇಳ್ರಿ. ನಾ ಸಸಿ ಸುಟ್ಟಾಕಿ ಅಂತ ಈ ಓಣ್ಯಾಗ ಎಲ್ಲಾರಿಗೂ ಗೊತ್ತೈತಿ. ಕೇಳಲಿ."

ಅಷ್ಟು ಜನರ ಮುಂದೆ ನಾನು ಜೀವಮಾನದಲ್ಲಿ ಬಾಯಿ ತೆರೆದವಳಲ್ಲ. ನನ್ನ ಮದುವೆಯಲ್ಲಿ ಗಂಡನ ಹೆಸರನ್ನು ಒಡಪಿನಲ್ಲಿ ಹೇಳೆಂದು ಎಲ್ಲರೂ ಕಾಡಿದಾಗಲೂ ಹೇಳದೆ ಅತ್ತಿದ್ದೆ. ಶಾವಿಗೆಯ ಕೋಲು ನೋಡುತ್ತಾ ಹೇಳಿದೆ, ಮೊದಲ ಸಲ ಯಾರಿಗೂ ಕೇಳಲಿಲ್ಲ. ಮತ್ತೆ ಹೇಳಿದೆ. ತೊಟ್ಟಿಯಲ್ಲಿ ಉಪ್ಪು ಕೂಡಿದ್ದ ನೀರನ್ನು ಕದ್ದು ಹಾಕಿದವಳು ನಾನು, ಸಸಿ ಸುಟ್ಟದ್ದು ನನ್ನಿಂದ, ಈಕೆಯ ಅಳತೆಯಲ್ಲಿ ಒಂದು ಚಿಟಿಕೆಯೂ ತಪ್ಪಿಲ್ಲ. ಗೊಬ್ಬರಕ್ಕೆ ಬಂದಿದ್ದ ಇಬ್ಬರಲ್ಲಿ ಒಬ್ಬಳು ಅಲ್ಲೇ ಕುಳಿತಿದ್ದಳು, ಅವಳ ಕಡೆ ತಿರುಗಿ ಇನ್ನೊಮ್ಮೆ ಹೇಳಿದೆ.

ಒಬ್ಬ ಮುದುಕಿ ನಕ್ಕಳು. "ಅಯ್ಯ, ಗಿಡ ಕಾಯಿ ಬಿಡೂ ಮೊದಲ ಉಪ್ಪಿನಕಾಯಿ ಹಾಕ್ಯಾರ ತಗೀರಿ ಅಕ್ಕಾರು." ಎಲ್ಲರೂ ನಕ್ಕರು, ನಿಮ್ಮ ಅವ್ವನಿಗೂ ನಗು ಬಂತು. ನನಗೆ ಉಸಿರು ಹಗುರಾಯಿತು. ಎಲ್ಲ ಮುಗಿಯಿತು ಎಂದುಕೊಂಡೆ.

ಆಕೆ ನಗಲಿಲ್ಲ. ಹಿಟ್ಟಿನ ಉಂಡೆಯನ್ನು ಎಳೆದು ಹೊಸೆಯುತ್ತಾ ನನ್ನನ್ನು ಕೇಳಿದಳು, "ತಿಳೀದ ಮಾಡಿದ್ರಿ, ಇರ್ಲಿ. ತಿಳದ ಮ್ಯಾಲ ಎಷ್ಟ ದಿನಾ ಸುಮ್ಮನಿದ್ರಿ?"

ಒಂಬತ್ತು ಎಂದೆ.

"ಅದಕ್ಕ ಏನಂತೀರಿ?"

ನಾನು ತಂಬಿಗೆ ಎತ್ತಿ ನೀರು ಕುಡಿದೆ. ಆಕೆ ತುಸು ಕಾದಳು. ಆಮೇಲೆ ನಿಮ್ಮ ಅವ್ವನ ಕಡೆ ತಿರುಗಿ, ಶಾವಿಗೆ ಮುಗಿಯಲಿ, ಸೋಮವಾರದಿಂದ ಬರುತ್ತೇನೆ ಎಂದಳು.

ಹೇಳಿದ ದಿನ ಬಂದಳು. ಸಿಹಿನೀರಿನಿಂದ ತೊಳೆದು ತೊಳೆದು ಮೇಜಿಗೆ ನಾಲ್ಕಾರು ತಟ್ಟೆ ಉಳಿಸಿದೆವು. ಸುಟ್ಟದ್ದನ್ನು ನಾನೂ ಆಕೆಯೂ ಕೂಡಿಯೇ ನೆಲದಲ್ಲಿ ಗುಂಡಿ ತೋಡಿ ಹಾಕಿ ಮುಚ್ಚಿದೆವು. ಸಸಿ ಸಿಗದವರಿಗೆ ನಿಮ್ಮ ಅವ್ವ ತಾನೇ ಊರೂರಿಗೆ ಹೋಗಿ ಹೇಳಿ ಬಂದಳು. ಈಗ ಆ ಪೆನ್ನು ನಮ್ಮ ಹತ್ತಿರವೂ ಒಂದಿದೆ, ಅದನ್ನು ಆಕೆಯೇ ಅದ್ದಿ ಅಂಕಿಯನ್ನು ಗೋಡೆಗೆ ಬರೆಯುತ್ತಾಳೆ. ಮಳೆ ಹಿಡಿದ ಮೇಲೆ ರಟ್ಟಿಗೆ ನೀರು ಬಿಡುವುದೇ ಅಪರೂಪ. ಮಾಡಿನ ಮೇಲೆ ಬಿದ್ದ ಮಳೆನೀರನ್ನು ಹೊಂಡಕ್ಕೆ ತಿರುಗಿಸಿದ್ದೇವೆ. ಕೆಲಸದ ಮಾತು ನಮ್ಮಿಬ್ಬರ ನಡುವೆ ನಡೆಯುತ್ತದೆ. ತಟ್ಟೆ ಕೊಡಿರಿ, ಪರದೆ ಇಳಿಸಿರಿ, ಅಷ್ಟೇ. ಮುಂದಿನ ಜನ್ಮದ ಮಾತು ನನ್ನ ಮುಂದೆ ಬರುವುದಿಲ್ಲ. ಅಕ್ಕಾರ ಎನ್ನುವುದನ್ನೂ ಬಿಟ್ಟಿದ್ದಾಳೆ, ಏನೂ ಅನ್ನದೆ ಮಾತು ಶುರು ಮಾಡುತ್ತಾಳೆ.

ಆಕೆ ಕೇಳಿದ್ದಕ್ಕೆ ಏನು ಹೇಳಬೇಕಿತ್ತು ಎಂದು ದಿನವೂ ಯೋಚಿಸುತ್ತೇನೆ. ಹೆದರಿದೆ ಎನ್ನಬಹುದಿತ್ತು. ಅದು ಪೂರ್ತಿ ನಿಜವಲ್ಲ. ಖರೇ ಹೇಳಬೇಕೆಂದರೆ, ಮನೆಯವರ ಕಣ್ಣಿನಲ್ಲಿ ನಾನು ಸಣ್ಣವಳಾಗುವುದಕ್ಕಿಂತ ಆಕೆಯ ಹೆಸರು ಕೆಡುವುದು ನನಗೆ ಹಗುರವಾಗಿ ಕಂಡಿತ್ತು. ಇದನ್ನು ಆಕೆಗೆ ಹೇಳಬೇಕು, ಹೇಳಿದರೆ ಆಕೆ ಇನ್ನಷ್ಟು ದೂರ ಹೋದರೂ ಹೋದಾಳು. ಆದರೂ ಈ ಸಲ ಒಂಬತ್ತು ದಿನ ಮಾಡಬಾರದು ಎಂದು ಬರೆಯಲು ಹೊರಟೆ. ಎಣಿಸಿ ನೋಡಿದರೆ ಆಗಲೇ ಎರಡು ತಿಂಗಳಾಗಿದೆ.

ಇವತ್ತು ರವಿವಾರ. ನಾಳೆ ನಿಮ್ಮನ್ನು ಶಾಲೆಗೆ ಕಳಿಸಿ ನಿಮ್ಮ ಅವ್ವ ಹೊರಡುವುದು ತಡವಾಗುತ್ತದೆ. ಕೇಶ್ವಾಪುರದಿಂದ ಬೆಳಿಗ್ಗೆ ಸುಳ್ಳಕ್ಕೆ ಬಸ್ಸಿದೆ ಎಂದು ಕೇಳಿದ್ದೇನೆ. ಒಬ್ಬಳೇ ಬಸ್ಸಿನಲ್ಲಿ ಹೋದವಳಲ್ಲ ನಾನು. ಆಕೆ ಎಲ್ಲರಿಗಿಂತ ಮೊದಲು ಬಂದು ಪಾಲಿಹೌಸಿನ ಬಾಗಿಲು ತೆಗೆಯುತ್ತಾಳೆ.